ನಾಲ್ವರು ಮುತ್ಯಾಲಮ್ಮ, ಒಬ್ಬನೇ ಯಜಮಾನ

“ದಯವಿಟ್ಟು ನಿಮ್ಮ ಗಂಡನ ಹೆಸರನ್ನು ಹೇಳಿ,” ಅಂದಿತು ಡಬ್ಬಿ.

ಮುತ್ಯಾಲಮ್ಮ ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. ಡೈರಿಗೆ ಹಾಲು ಹಾಕಿ ಬಂದ ಖಾಲಿ ಕ್ಯಾನು ಅವಳ ಕಾಲ ಬಳಿ ಇತ್ತು. ಡಬ್ಬಿ ಒಂದಿಷ್ಟು ಹೊತ್ತು ಕಾಯಿತು. ಆಮೇಲೆ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ, ಒಂದು ಅಕ್ಷರವನ್ನೂ ನುಂಗದೆ, ಅದನ್ನೇ ಮತ್ತೆ ಕೇಳಿತು.

“ನಮ್ಮನೆಯವ್ರು,” ಅಂದಳು ಮುತ್ಯಾಲಮ್ಮ.

“ಧನ್ಯವಾದಗಳು. ಈಗ ಗದ್ದವನ್ನು ಪಟ್ಟಿಯ ಮೇಲಿಟ್ಟು ಕಣ್ಣನ್ನು ಅಗಲವಾಗಿ ತೆರೆಯಿರಿ.”

ಬಾಗಿಲ ಪಕ್ಕ ಬೂಸಾ ಮೂಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ ಪ್ರಮೋದಮ್ಮ ಲೋಟ ಕೆಳಗಿಟ್ಟಳು.

ಪ್ರಮೋದಮ್ಮ ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ರಿಟೈರ್ ಆದವಳು. ಈಗ ಹೊಸಕೋಟೆಯಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಪತ್ತೇದಾರಿ ಕೆಲಸ. ಹುಡುಗ ಹೇಗೆ, ಹುಡುಗಿ ಹೇಗೆ ಅಂತ ಮದುವೆಗೆ ಮುಂಚೆ ವಿಚಾರಿಸಿ ಹೇಳುವುದೇ ಹೆಚ್ಚು. ಕೆಳಗಿನಿಂದ ಬರುವ ಬಿಸಿ ಬನ್ನಿನ ಘಮ, ಮೊಣಕಾಲು ಮುನಿಸಿಕೊಳ್ಳದಷ್ಟು ಓಡಾಟ, ಯಾರಿಗೂ ಸೆಲ್ಯೂಟ್ ಹೊಡೆಯಬೇಕಿಲ್ಲದ ಬೆಳಗು. ಅವಳಿಗೆ ಇಷ್ಟು ಸಾಕಿತ್ತು. ಇದಕ್ಕಿಂತ ಸುಖ ಎಸ್‌ಪಿ ಸಾಹೇಬರಿಗೂ ಇರಲಿಲ್ಲ ಅಂತ ಅವಳ ನಂಬಿಕೆ.

ಈ ಕೇಸು ಮಾತ್ರ ಬೇರೆ ಥರದ್ದು. ಕಣ್ಣಿನ ಫೋಟೋ ತೆಗೆದು, ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆಯೋ ಇಲ್ಲವೋ ಅಂತ ತಾನೇ ಹೇಳಿಬಿಡುವ ಎಐ ಡಬ್ಬಿಗಳನ್ನು ನಯನಸೇತು ಅನ್ನುವ ಕಂಪನಿ ಊರೂರಿನ ಹಾಲಿನ ಡೈರಿಯಲ್ಲಿ ಇಟ್ಟಿತ್ತು. ಬಂಡವಾಳ ಹಾಕಿದವರು ಕೈ ಎತ್ತಿದ ಮೇಲೆ ಹೊಸಕೋಟೆ ಆಫೀಸಿನ ಹುಡುಗ ಹುಡುಗಿಯರನ್ನೆಲ್ಲ ಮನೆಗೆ ಕಳಿಸಿತು. ಹಾಗೆ ಕೆಲಸ ಕಳೆದುಕೊಂಡವರಲ್ಲಿ ಸಮೇತನಹಳ್ಳಿಯ ನವ್ಯಶ್ರೀ ಒಬ್ಬಳು. ಹೋಗುವ ದಿನ ಸಿಟ್ಟಿನಿಂದ ರೋಗಿಗಳ ರಿಪೋರ್ಟುಗಳನ್ನು ಕಲಸಿಟ್ಟು ಹೋದಳು ಅಂತ ಅವಳ ಮೇಲೆ ಪೊಲೀಸ್ ದೂರು ಬಿದ್ದಿತ್ತು.

ಸೋಮವಾರ ಹುಡುಗಿ ಸ್ಟೇಷನ್ನಿಗೆ ಹೋಗಿ ಹೇಳಿಕೆ ಕೊಡಬೇಕು. ಅಷ್ಟರೊಳಗೆ ದೂರು ಸುಳ್ಳು ಅಂತ ಆಗದಿದ್ದರೆ, ದೇವನಹಳ್ಳಿ ಕಡೆ ಗೊತ್ತಾಗಿರುವ ಹೊಸ ಕೆಲಸ ಹೋಯಿತು. ಆಸ್ಪತ್ರೆ ಮೆಟ್ಟಿಲು ಹತ್ತುವ ಯಾವ ಕೆಲಸವೂ ಇನ್ನು ಅವಳಿಗಿಲ್ಲ. ರೋಗಿಗಳ ರಿಪೋರ್ಟು ಕೆಡಿಸಿದವಳನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ?

ಆ ದೂರಿನ ಬುಡ ಇದ್ದದ್ದು ಇಲ್ಲೇ, ನಂದಗುಡಿ ದಾಟಿ ಒಳಕ್ಕೆ ತಿರುಗಿದರೆ ಸಿಗುವ ಬೈಲಹೊಸಹಳ್ಳಿಯಲ್ಲಿ. ಈ ಊರಿನ ಒಬ್ಬ ಮುತ್ಯಾಲಮ್ಮನ ಕಣ್ಣು ಕೆಡುತ್ತಾ ಬಂದಿದ್ದರೂ ‘ಎಲ್ಲ ಚೆನ್ನಾಗಿದೆ’ ಅಂತ ಫೋನು ಬಂದಿತ್ತು. ಕಣ್ಣು ಗಟ್ಟಿಯಾಗಿದ್ದ ಇನ್ನೊಬ್ಬ ಮುತ್ಯಾಲಮ್ಮನನ್ನು ‘ಬೇಗ ಬನ್ನಿ, ಲೇಸರ್ ಮಾಡಬೇಕು’ ಅಂತ ಕರೆದಿದ್ದರು. ಪುಣ್ಯಕ್ಕೆ ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, ಇದು ಆ ಕಣ್ಣಲ್ಲ ಅಂದರು. ಸರಿಯಾದ ಮುತ್ಯಾಲಮ್ಮನನ್ನು ಹುಡುಕಿ ಕರೆಸಿದರು. ಅವಳಿಗೆ ಲೇಸರ್ ಆಗಿ, ಕಪ್ಪು ಕನ್ನಡಕ ಹಾಕಿಕೊಂಡು, ಈಗ ಇದೇ ಡೈರಿಯ ಜಗುಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಾಳೆ.

ಪ್ರಮೋದಮ್ಮ ಡಬ್ಬಿಯ ಮುಂದೆ ಬಂದು ನಿಂತಳು.

“ಅಕ್ಕಾ, ಈಗೇನಂದೆ ಅದಕ್ಕೆ? ಇನ್ನೊಂದ್ಸಲ ಹೇಳು.”

“ಇನ್ನೇನಂತಾರೆ ಪೊಲೀಸಮ್ಮ? ನಮ್ಮನೆಯವ್ರು ಅಂದೆ.”

“ಅದು ಕೇಳಿದ್ದು ಹೆಸರು.”

“ಅಯ್ಯೋ, ಚೆನ್ನಾಗಿ ಹೇಳ್ದೆ ಬಿಡು. ಬಾಯಲ್ಲಿ ಹೇಳ್ತಾರಾ ಹೆಸರನ್ನ? ನೀನೇನು ಹೇಳ್ತಿದ್ಯಾ ನಿನ್ ಗಂಡನ ಹೆಸ್ರು?”

“ನಂಗೆ ಗಂಡನೇ ಇಲ್ವಲ್ಲಕ್ಕ.”

“ಅದಕ್ಕೇ ನೋಡು ಹಿಂಗೆ ಸ್ಕೂಟ್ರಲ್ಲಿ ಊರೂರು ಸುತ್ತತೀಯ!”

ಜಗುಲಿಯ ಮೇಲಿದ್ದವರೆಲ್ಲ ಗೊಳ್ಳೆಂದರು. ಪ್ರಮೋದಮ್ಮನೂ ನಕ್ಕಳು. ಡೈರಿಯ ಸೆಕ್ರೆಟರಿ ಮಂಜೇಶ್ ಕ್ಯಾನುಗಳನ್ನು ತೊಳೆಯುವುದು ಬಿಟ್ಟು ಬಾಗಿಲಿಗೆ ಬಂದ.

“ನಾನ್ ಹೇಳ್ತೀನಿ ಮೇಡಂ. ಇವ್ರ ಯಜಮಾನ್ರು ಪಿಳ್ಳಪ್ಪ.”

“ಹೂಂ, ಅವ್ರೇ,” ಅಂದಳು ಮುತ್ಯಾಲಮ್ಮ, ಅಷ್ಟು ದೊಡ್ಡ ಹೊರೆ ಬೇರೆಯವರು ಇಳಿಸಿಕೊಟ್ಟರಲ್ಲ ಅನ್ನುವ ಸಮಾಧಾನದಲ್ಲಿ.

“ಮತ್ತೆ ಡಬ್ಬಿ ಕೇಳುವಾಗಲೂ ಮಂಜೇಶನ ಕೈಲೇ ಹೇಳಿಸಬಹುದಿತ್ತಲ್ಲಕ್ಕ?”

“ಎಲ್ಲಿ ಬಿಡ್ತದೆ ಅದು? ಪಕ್ಕದಲ್ಲಿ ಯಾರಾದ್ರೂ ಉಸಿರು ಬಿಟ್ರೆ ಸಾಕು, ‘ದಯವಿಟ್ಟು ಒಬ್ಬರೇ ಮಾತಾಡಿ’ ಅಂತದೆ. ನಮ್ಮತ್ತೆಗಿಂತ ಹೆಚ್ಚು ಗತ್ತು ಅದರದ್ದು.”

ಪ್ರಮೋದಮ್ಮ ಜಗುಲಿಗೆ ಬಂದು ಕೂತಳು. ಅವಸರ ಪಡಲಿಲ್ಲ. ಇಂಥ ಹೊತ್ತಿನಲ್ಲಿ ಅವಸರ ಪಟ್ಟರೆ ಸಿಕ್ಕಿದ ಎಳೆ ಕೈಯಿಂದ ಜಾರುತ್ತದೆ ಅಂತ ಅವಳಿಗೆ ಗೊತ್ತು.

“ಈ ಊರಲ್ಲಿ ಎಷ್ಟು ಜನ ಮುತ್ಯಾಲಮ್ಮ ಇದೀರಿ?”

“ಊರ ದೇವತೆ ಹೆಸ್ರಲ್ವಾ, ಮನೆಗೊಬ್ರು ಇದ್ದೇ ಇರ್ತಾರೆ,” ಅಂದ ಮಂಜೇಶ್. “ಡೈರಿಗೆ ಹಾಲು ಹಾಕೋರು ನಾಲ್ಕು ಜನ. ಬಾವಿಮನೆ ಮುತ್ಯಾಲಮ್ಮ, ಇವ್ರೇ. ಮೇಗಲಮನೆ ಮುತ್ಯಾಲಮ್ಮ. ಹುಣಸೆಮರದ ಮುತ್ಯಾಲಮ್ಮ. ಆಮೇಲೆ ಅಗೋ, ಸಿನಿಮಾ ಹೀರೋಯಿನ್ ಥರ ಕನ್ನಡಕ ಹಾಕ್ಕೊಂಡು ಕೂತಿದಾರಲ್ಲ, ಸೂಲಿಬೆಲೆ ಮುತ್ಯಾಲಮ್ಮ. ತವರು ಸೂಲಿಬೆಲೆ.”

ಕಪ್ಪು ಕನ್ನಡಕದ ಮುತ್ಯಾಲಮ್ಮ ಕತ್ತು ಕೊಂಕಿಸಿದಳು. “ಹೊಟ್ಟೆಕಿಚ್ಚು ಪಡಬೇಡ ಕಣೋ.”

“ಡಬ್ಬಿಗೆ ನಿಮ್ಮ ಹೆಸರು ಏನಂತ ಹೇಳಿದ್ರಿ ಅಕ್ಕ? ಸೂಲಿಬೆಲೆ ಮುತ್ಯಾಲಮ್ಮ ಅಂತಲಾ?”

“ಅದೆಲ್ಲ ಊರವರು ಇಟ್ಕೊಂಡಿರೋದು. ಸರ್ಕಾರದ ಥರ ಕೇಳ್ದಾಗ ಬರೀ ಮುತ್ಯಾಲಮ್ಮ ಅಂತ್ಲೇ ಹೇಳ್ಬೇಕಲ್ವಾ?”

“ಊರು?”

“ಬೈಲಹೊಸಹಳ್ಳಿ.”

“ವಯಸ್ಸು?”

“ಅರವತ್ತು ಅಂದೆ. ಹೆಚ್ಚೂ ಇರಬಹುದು, ಕಮ್ಮಿನೂ ಇರಬಹುದು. ಅರವತ್ತು ಅಂದ್ರೆ ಯಾರೂ ಜಗಳಕ್ಕೆ ಬರಲ್ಲ.”

“ನಾನೂ ಅರವತ್ತು ಅಂತ್ಲೇ ಅಂದಿದ್ದು, ಉಳಿದಿಬ್ರೂ ಅಷ್ಟೇ,” ಅಂದಳು ಬಾವಿಮನೆ ಮುತ್ಯಾಲಮ್ಮ.

“ಗಂಡನ ಹೆಸರು?”

ಕಪ್ಪು ಕನ್ನಡಕದ ಕೆಳಗಿನ ಬಾಯಿ ನಾಚಿಕೊಂಡಿತು.

“ನಮ್ಮನೆಯವ್ರು.”

ಪ್ರಮೋದಮ್ಮ ತೊಡೆ ತಟ್ಟಿಕೊಂಡಳು. ಸ್ಟೇಷನ್ನಿನಲ್ಲಿ ಅಷ್ಟು ವರ್ಷ ಹೆಂಗಸರ ದೂರು ಬರೆದವಳು ತಾನೇ. ಗಂಡ ಹೊಡೆದ ಅಂತ ಅಳುತ್ತಾ ಬಂದವಳೂ ಅವನ ಹೆಸರು ಕೇಳಿದರೆ ಪಕ್ಕದವಳ ಮುಖ ನೋಡುತ್ತಿದ್ದಳು. ಪಕ್ಕದವಳು ಹೇಳುತ್ತಿದ್ದಳು, ತಾನು ಬರೆದುಕೊಳ್ಳುತ್ತಿದ್ದಳು. ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಅದೊಂದು ವಿಷಯ ಅಂತಲೇ ಅನ್ನಿಸಿರಲಿಲ್ಲ. ಡಬ್ಬಿಗೆ ಪಕ್ಕದವಳಿಲ್ಲ. ಹೇಳಿದ್ದನ್ನೇ ಹೆಸರು ಅಂದುಕೊಂಡು ಧನ್ಯವಾದ ಹೇಳಿ ಮುಂದಕ್ಕೆ ಹೋಗುತ್ತದೆ.

ಹೆಸರು ಮುತ್ಯಾಲಮ್ಮ, ಊರು ಬೈಲಹೊಸಹಳ್ಳಿ, ವಯಸ್ಸು ಅರವತ್ತು, ಗಂಡ ನಮ್ಮನೆಯವ್ರು. ಡಬ್ಬಿಯ ಮಟ್ಟಿಗೆ ನಾಲ್ವರೂ ಒಬ್ಬಳೇ ಹೆಂಗಸು. ಒಬ್ಬಳ ಕೆಟ್ಟ ಕಣ್ಣು, ಇನ್ನೊಬ್ಬಳ ಗಟ್ಟಿ ಕಣ್ಣು ಎಲ್ಲ ಒಂದೇ ಗಂಟಿನಲ್ಲಿ.

“ಹಾಗಾದ್ರೆ ನಾವು ನಾಲ್ಕೂ ಜನ ಸವತೀರು ಅನ್ನು!” ಅಂದಳು ಬಾವಿಮನೆ ಮುತ್ಯಾಲಮ್ಮ, ಪ್ರಮೋದಮ್ಮ ಬಿಡಿಸಿ ಹೇಳಿದ ಮೇಲೆ.

“ಹೋಗೇ, ನಿನ್ ಪಿಳ್ಳಪ್ಪನ್ನ ಯಾರು ಕಟ್ಕೋತಾರೆ!” ಅಂದಿತು ಕಪ್ಪು ಕನ್ನಡಕ.

ಕಾಫಿ ಇನ್ನೊಂದು ಸುತ್ತು ಬಂತು.

*

ನಂದಗುಡಿಯ ಹತ್ತಿರ ಪ್ರಮೋದಮ್ಮ ಸ್ಕೂಟರನ್ನು ಹೊಂಗೆ ಮರದ ನೆರಳಿಗೆ ನಿಲ್ಲಿಸಿದಳು. ರಸ್ತೆಯ ಆಚೆ ಟೊಮೆಟೊ ಕೊಯ್ಯುತ್ತಿದ್ದರು. ಬಿಸಿಲು ಹಿತವಾಗಿತ್ತು. ಮನಸ್ಸು ಅದಕ್ಕಿಂತ ಹಿತವಾಗಿತ್ತು.

ಆದರೆ ಒಂದು ಗಂಟು ಉಳಿದಿತ್ತು. ಡಬ್ಬಿ ಈ ಊರಿಗೆ ಬಂದು ವರ್ಷದ ಮೇಲಾಗಿದೆ. ಹೆಂಗಸರು ಮೊದಲಿನಿಂದಲೂ ನಮ್ಮನೆಯವ್ರು ಅಂತಲೇ ಹೇಳಿದ್ದಾರೆ. ಹಾಗಿದ್ದ ಮೇಲೆ ಇಷ್ಟು ದಿನ ಸರಿಯಾಗಿ ಬರುತ್ತಿದ್ದ ರಿಪೋರ್ಟು, ಜನರನ್ನು ಕೆಲಸದಿಂದ ತೆಗೆದ ಮೇಲೆಯೇ ಯಾಕೆ ಕೆಟ್ಟಿತು?

ಅವಳು ದೊಡ್ಡಬಳ್ಳಾಪುರದ ಸಂತೋಷನಿಗೆ ಫೋನು ಮಾಡಿದಳು. ನಯನಸೇತುವಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹುಡುಗ. ನವ್ಯಶ್ರೀ ಜೊತೆಯಲ್ಲೇ ಅವನಿಗೂ ಕೆಲಸ ಹೋಗಿತ್ತು. ಸಿಟ್ಟಿದ್ದರೆ ಅವನಿಗೂ ಇರಬೇಕು, ಕೈಚಳಕವೂ ಇತ್ತು. ಹಾಗಾಗಿ ಅನುಮಾನದವರ ಸಾಲಿನಲ್ಲಿ ಪ್ರಮೋದಮ್ಮ ಅವನನ್ನು ಮೊದಲಿಂದಲೂ ಕೂರಿಸಿದ್ದಳು.

ಫೋನಿನಲ್ಲಿ ಮೊದಲು ಬಂದದ್ದು ಮಗ್ಗದ ಸದ್ದು.

“ಒಂದ್ನಿಮಿಷ ಮೇಡಂ, ಆಚೆ ಬರ್ತೀನಿ... ಹಾಂ, ಹೇಳಿ.”

“ಏನಪ್ಪಾ, ಮಗ್ಗಕ್ಕೆ ಕೂತ್ಬಿಟ್ಯಾ?”

“ಅಪ್ಪ ಕೂತಿದಾರೆ. ನಾನು ಸೀರೆ ಅಂಚಿನ ಡಿಸೈನು ಕಂಪ್ಯೂಟರಲ್ಲಿ ಮಾಡ್ಕೊಡ್ತಿದೀನಿ. ಕೆಲಸ ಹೋಯ್ತಲ್ಲ ಅಂತ ಅಮ್ಮ ಎರಡು ದಿನ ಅತ್ರು. ಅಪ್ಪ ಮಾತ್ರ ಫುಲ್ ಖುಷಿ. ಬಿಟ್ಟಿ ಇಂಜಿನಿಯರ್ ಸಿಕ್ಕಿದಾನಲ್ಲ.”

“ಒಂದು ವಿಷಯ ಕೇಳ್ತೀನಿ, ಮುಚ್ಚಿಡಬೇಡ. ಬೈಲಹೊಸಹಳ್ಳಿಯ ಮುತ್ಯಾಲಮ್ಮಂದಿರನ್ನ ಇಷ್ಟು ದಿನ ಬೇರೆ ಬೇರೆ ಮಾಡ್ತಿದ್ದವರು ಯಾರು?”

ಆ ಕಡೆ ಸಂತೋಷ್ ನಕ್ಕ. ನಗುವಿನಲ್ಲಿ ಬಚ್ಚಿಟ್ಟುಕೊಂಡವರ ಹೆದರಿಕೆ ಇರಲಿಲ್ಲ.

“ಅದು ಗೊತ್ತಾಗಿಹೋಯ್ತಾ ನಿಮ್ಗೆ? ನಾವೇ ಮೇಡಂ. ದಿನಾ ಸಂಜೆ ಇಡೀ ಟೀಮ್ ಕೂತು ಬಿಡಿಸ್ತಿದ್ವಿ. ಗೋಜಲಾಗಿರೋ ನೂಲು ಬಿಡಿಸ್ತಾರಲ್ಲ, ಹಾಗೆ. ಡಬ್ಬಿ ಮುಖದ ಫೋಟೋನೂ ತೆಗೆಯುತ್ತೆ, ಅದರಲ್ಲಿ ಮೂಗುತಿ ಕಾಣೋದು, ಮುಖದ ಮಚ್ಚೆ ಕಾಣೋದು. ಅದು ನೋಡಿ ಇದು ಇವರದ್ದು, ಅದು ಅವರದ್ದು ಅಂತ. ಗೊತ್ತಾಗದಿದ್ರೆ ನವ್ಯಶ್ರೀ ಡೈರಿಗೆ ಫೋನ್ ಹಾಕೋಳು.”

“ಮತ್ತೆ ಡಬ್ಬಿನೇ ಎಲ್ಲ ಮಾಡ್ತದೆ ಅಂತ ಕಂಪನಿಯವರು ಹೇಳ್ತಿದ್ರಲ್ಲಪ್ಪ?”

“ಕಣ್ಣು ನೋಡೋದು ಅದೇ ಮಾಡುತ್ತೆ. ಸುಳ್ಳಲ್ಲ, ಡಾಕ್ಟರೇ ಮೆಚ್ಚಿದ್ರು. ಆದ್ರೆ ಅದು ಯಾರ ಕಣ್ಣು ಅಂತ ಅದಕ್ಕೆ ಗೊತ್ತಾಗ್ತಿರ್ಲಿಲ್ಲ. ಅದನ್ನ ಮಾತ್ರ ಹೊರಗೆ ಯಾರಿಗೂ ಹೇಳಿರ್ಲಿಲ್ಲ. ನಮ್ಮನ್ನ ತೆಗೆದ ದಿನ ಮಧ್ಯಾಹ್ನಕ್ಕೇ ಮನೆಗೆ ಹೋಗಿ ಅಂದ್ರು. ಸಂಜೆ ಬಿಡಿಸೋಕೆ ಯಾರಿದ್ರು?”

ಸಿಕ್ಕಿತು. ಯಾರೂ ಏನನ್ನೂ ಕಲಸಿರಲಿಲ್ಲ. ಬಿಡಿಸುವವರಿಲ್ಲದೆ ಅದು ತಾನೇ ಕಲಸಿಕೊಂಡಿತ್ತು.

ಅನುಮಾನದ ಸಾಲಿನಿಂದ ಪ್ರಮೋದಮ್ಮ ಸಂತೋಷನನ್ನು ಎಬ್ಬಿಸಿ ಕಳಿಸಿದಳು. ಈಗ ಅಲ್ಲಿ ಉಳಿದವನು ಒಬ್ಬನೇ, ದೂರಿಗೆ ಸಹಿ ಹಾಕಿದ ಮ್ಯಾನೇಜರ್ ಸುನಿಲ್‌ಕುಮಾರ್.

*

ಹೊಸಕೋಟೆಯ ಹಳೆ ಮದ್ರಾಸ್ ರಸ್ತೆಯಲ್ಲಿ, ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಯನಸೇತುವಿನ ಆಫೀಸು. ಎದುರಿನ ಟೀ ಅಂಗಡಿಯಲ್ಲಿ ನವ್ಯಶ್ರೀಯ ಅಪ್ಪ ಅಪ್ಪಯ್ಯಣ್ಣ ಮಗಳನ್ನು ಕರೆದುಕೊಂಡು ಬಂದು ಕಾಯುತ್ತಿದ್ದ. ಪ್ರಮೋದಮ್ಮನೇ ಫೋನು ಮಾಡಿ ಬರಹೇಳಿದ್ದಳು. ಕೇಸು ಕೊಟ್ಟವನು ಅವನು. ‘ನನ್ ಮಗಳು ಇರುವೆನೂ ತುಳಿಯಲ್ಲಮ್ಮ, ಅದನ್ನ ನಾನ್ ಹೇಳಿದ್ರೆ ಅಪ್ಪ ಹೇಳ್ದ ಅಂತಾರೆ, ನೀವು ಹೇಳಿ’ ಅಂದಿದ್ದ ಮೊದಲ ದಿನ.

ನಡೆದದ್ದನ್ನೆಲ್ಲ ಪ್ರಮೋದಮ್ಮ ಹೇಳಿ ಮುಗಿಸುವಷ್ಟರಲ್ಲಿ ಅವನು ಎದ್ದು ನಿಂತಿದ್ದ.

“ನೋಡ್ದಾ ಮಗಳೇ! ನಮ್ಮನೆಯವ್ರು ಅಂತೆ! ನಿಮ್ಮಮ್ಮನೂ ಅದನ್ನೇ ಅನ್ನೋದು. ರೇಷನ್ ಕಾರ್ಡ್ ಮಾಡಿಸಕ್ಕೆ ಹೋದಾಗ ನಾನ್ ಪಕ್ಕದಲ್ಲೇ ನಿಂತಿದ್ರೂ ‘ಇವ್ರನ್ನೇ ಕೇಳಿ’ ಅಂದ್ಲು.”

ನವ್ಯಶ್ರೀ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕಳು. ಉದ್ದ ಜಡೆ, ಕಾಟನ್ ಚೂಡಿದಾರ, ಎದುರಿನವರ ಮಾತು ಪೂರ್ತಿ ಕೇಳಿಸಿಕೊಳ್ಳುವ ಹುಡುಗಿ. ನಗು ಮಾತ್ರ ಬೇಗ ಆರಿತು.

“ಆಂಟಿ, ಇದನ್ನ ಇವತ್ತೇ ಸುನಿಲ್ ಸರ್‌ಗೆ ಹೇಳ್ಬೇಕಾ?”

“ಮತ್ತೆ? ಸೋಮವಾರ ನಿನ್ನ ಸ್ಟೇಷನ್ನಿಗೆ ಕರೆದಿದಾರೆ ಕಣೇ. ಇವತ್ತೇ ದೂರು ವಾಪಸ್ ತಗೋಳ್ಳಲಿ.”

“ಸೋಮವಾರ ನಾನೇ ಅಲ್ಲಿ ಹೇಳ್ತೀನಲ್ಲ. ಎರಡು ದಿನ ತಾನೇ ಆಂಟಿ. ಕಾಯೋಣ.”

“ಹೆದರ್ಕೋಬೇಡ ಪುಟ್ಟ, ನಾನಿದೀನಿ,” ಅಂದಳು ಪ್ರಮೋದಮ್ಮ. ಅವಳ ತಲೆ ಸವರಿ, ಮೊಣಕಾಲಿಗೆ ಒಂದು ಮಾತು ಹೇಳಿ ಒಪ್ಪಿಸಿ, ಮೆಟ್ಟಿಲು ಹತ್ತಿದಳು.

ಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಗೋಡೆಯ ಮೇಲೆ ಯಾರದೋ ಹುಟ್ಟುಹಬ್ಬದ ಬಣ್ಣದ ಕಾಗದಗಳು ಇನ್ನೂ ನೇತಾಡುತ್ತಿದ್ದವು. ಕೊನೆಯಲ್ಲಿ ಗಾಜಿನ ಕಿಟಕಿಯ ಪಕ್ಕದ ಒಂದು ಕೋಣೆಗೆ ಬೀಗ ಹಾಕಿ, ಬೀಗದ ಮೇಲೆ ಬಟ್ಟೆ ಸುತ್ತಿ ಅರಗಿನ ಸೀಲು ಹಾಕಿದ್ದರು. ತನ್ನ ಇಲಾಖೆಯ ಕೈಕೆಲಸ ಪ್ರಮೋದಮ್ಮನಿಗೆ ದೂರದಿಂದಲೇ ಗೊತ್ತಾಯಿತು. ದೂರು ಬಂದ ದಿನವೇ ಒಳಗಿನ ಕಂಪ್ಯೂಟರುಗಳು ಸಾಕ್ಷಿ ಅಂತ ಪೊಲೀಸರು ಬೀಗ ಜಡಿದಿದ್ದರು.

ಸುನಿಲ್‌ಕುಮಾರ್ ಒಬ್ಬನೇ ಇದ್ದ. ನೀರಿನ ಬಾಟಲಿ ಹಿಡಿದು ಕುಂಡದ ಗಿಡಗಳಿಗೆ ನೀರು ಹಾಕುತ್ತಿದ್ದ. ಗಡ್ಡ ಬೋಳಿಸಿ ನಾಲ್ಕು ದಿನ ಆಗಿರಬೇಕು.

“ಬನ್ನಿ ಮೇಡಂ. ಕೂತ್ಕೊಳ್ಳಿ. ಯಾವ ಕುರ್ಚಿ ಬೇಕಾದ್ರೂ ತಗೊಳ್ಳಿ, ಇವತ್ತು ಎಲ್ಲಾ ಖಾಲಿ.”

“ಏನಪ್ಪಾ ಸುನಿಲ್‌ಕುಮಾರ್, ನಿಮಗೆ ಮದುವೆ ಆಗಿದ್ಯಾ?”

ಅವನು ತಬ್ಬಿಬ್ಬಾದ. “ಆಗಿದೆ ಮೇಡಂ.”

“ಹೆಂಡತಿ ಏನಂತ ಕರೀತಾರೆ?”

“ಸುನಿ ಅಂತ.”

“ಭೇಷ್. ನಿಮ್ಮಮ್ಮ ನಿಮ್ಮಪ್ಪನ್ನ?”

“ರೀ ಅಂತಾರೆ.”

“ನಿಮ್ಮಜ್ಜಿ ನಿಮ್ಮ ತಾತನ್ನ?”

“ಅಜ್ಜಿ... ಏನೂ ಕರೀತಿರ್ಲಿಲ್ಲ. ಬಳೆ ಸದ್ದು ಮಾಡೋರು.”

ಇಷ್ಟು ಹೇಳಿ ಅವನು ಬಾಟಲಿಯನ್ನು ಮೇಜಿನ ಮೇಲಿಟ್ಟ. ಪ್ರಮೋದಮ್ಮ ಮುಂದೆ ಏನು ಹೇಳುತ್ತಾಳೆ ಅಂತ ಅವನಿಗೆ ಗೊತ್ತಾಗಿಹೋಗಿತ್ತು. ಅವನ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಅದನ್ನೇ ಅವಳು ಗಮನವಿಟ್ಟು ನೋಡಿದಳು.

“ಹಾಗಾದ್ರೆ ಗೊತ್ತಿತ್ತು ನಿಮಗೆ.”

“ಗೊತ್ತಿತ್ತು ಮೇಡಂ.”

“ಹುಡುಗರೆಲ್ಲ ದಿನಾ ಸಂಜೆ ಕೂತು ಬಿಡಿಸ್ತಿದ್ದದ್ದು?”

“ಅದೂ ಗೊತ್ತಿತ್ತು. ಮೊದಲ ತಿಂಗಳು ನಾನೂ ಕೂತಿದೀನಿ ಅವರ ಜೊತೆ. ಬೋಂಡಾ ತರಿಸೋರು. ಅವು ಒಳ್ಳೆ ದಿನಗಳು.”

“ಅಂಥವರನ್ನ ಯಾಕಪ್ಪಾ ತೆಗೆದ್ರಿ?”

ಸುನಿಲ್‌ಕುಮಾರ್ ಕಿಟಕಿಯ ಕಡೆ ನೋಡುತ್ತಾ ಮಾತಾಡಿದ. “ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯವರು ಕಂಪನಿ ಕೊಂಡ್ಕೊಳ್ಳೋಕೆ ಬಂದ್ರು. ಅವರು ಕೇಳಿದ್ದು ಒಂದೇ. ಇದು ಮನುಷ್ಯರ ಸಹಾಯ ಇಲ್ದೆ ನಡೆಯುತ್ತಾ? ನಾನು ಹೂಂ ಅಂದೆ. ಇಲ್ಲ ಅಂದಿದ್ರೆ ಅವತ್ತೇ ಎದ್ದು ಹೋಗೋರು. ಹೂಂ ಅಂದ್ಮೇಲೆ, ಹಾಗಾದ್ರೆ ಇಷ್ಟು ಜನ ಯಾಕೆ ಅಂದ್ರು.”

“ನಿಮ್ಮ ಒಂದು ಹೂಂನಿಂದ ಇಷ್ಟೂ ಜನ ಮನೆಗೆ.”

“ಮುಂದಿನ ತಿಂಗಳು ನಾನೂ ಮನೆಗೇ ಮೇಡಂ.”

ಪ್ರಮೋದಮ್ಮನಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಅರ್ಧ ಬಂತು. ಇನ್ನರ್ಧ, ಗಡ್ಡ ಬಿಟ್ಟುಕೊಂಡು ಖಾಲಿ ಆಫೀಸಿನ ಗಿಡಕ್ಕೆ ನೀರು ಹಾಕುವವನ ಮೇಲೆ ಬರಲಿಲ್ಲ. ಕಳ್ಳರನ್ನು ನೋಡಿ ನೋಡಿ ಅವಳಿಗೆ ಕಣ್ಣು ಪಳಗಿತ್ತು. ಇವನು ಕಳ್ಳ ಅಲ್ಲ, ಒಂದು ಸುಳ್ಳು ಹೇಳಿ ಅದರ ಹಿಂದೆ ಓಡುತ್ತಿರುವವನು.

ಆದರೆ ಕೆಳಗೆ ಕೂತ ಹುಡುಗಿಯ ಹೆಸರು ಇವನ ಕೈಯಲ್ಲಿತ್ತು.

“ರಿಪೋರ್ಟು ಅದಲುಬದಲಾದಾಗ ನಿಮ್ಮ ಸುಳ್ಳು ಆಚೆ ಬರ್ತಿತ್ತು. ಅದಕ್ಕೆ ಆ ಮಗು ತಲೆಗೆ ಕಟ್ಟಿದ್ರಿ. ಅಲ್ವಾ?”

ಅವನು ಕುಂಡದಿಂದ ಒಂದು ಒಣ ಎಲೆ ಕಿತ್ತು ಹಾಕಿದ.

“ಕೇಳಿಲ್ಲಿ. ಬೈಲಹೊಸಹಳ್ಳಿಯ ನಾಲ್ಕೂ ಮುತ್ಯಾಲಮ್ಮಂದಿರು ಸ್ಟೇಷನ್ನಿಗೆ ಬರ್ತೀವಿ ಅಂತ ಸೀರೆ ಆರಿಸ್ತಾ ಕೂತಿದಾರೆ. ಎಸ್‌ಐ ಮುಂದೆ ನಾನು ಒಬ್ಬೊಬ್ಬರನ್ನೇ ಗಂಡನ ಹೆಸರು ಕೇಳಿದ್ರೆ ಸಾಕು, ನಿಮ್ಮ ದೂರು ನಿಲ್ಲಲ್ಲ. ಆಮೇಲೆ ಸುಳ್ಳು ದೂರು ಕೊಟ್ಟಿದ್ದಕ್ಕೆ ನಿಮ್ಮನ್ನೇ ಒಳಗೆ ಕೂರಿಸ್ತಾರೆ. ಅದು ಬೇಡ. ಈಗಲೇ ಬನ್ನಿ ನನ್ನ ಜೊತೆ, ದೂರು ವಾಪಸ್ ತಗೊಳ್ಳಿ. ಹುಡುಗಿ ಹೆಸರು ತಿಳಿಯಾಗಲಿ, ನೀವೂ ಬಚಾವ್ ಆಗಿ.”

“ಆಗಲ್ಲ ಮೇಡಂ.”

“ಯಾಕಾಗಲ್ಲ?”

“ಮಾತು ಕೊಟ್ಟಿದೀನಿ.”

“ಯಾರಿಗೆ? ಆ ಆಸ್ಪತ್ರೆಯವರಿಗಾ?”

ಸುನಿಲ್‌ಕುಮಾರ್ ತಲೆ ಅಲ್ಲಾಡಿಸಿದ. ಹೋಗಿ ಬಾಗಿಲು ಮುಂದೆ ಮಾಡಿ ಬಂದ. ಕೆಳಗೆ ಯಾವುದೋ ಬಸ್ಸು ಹಾರ್ನ್ ಹೊಡೆಯುತ್ತಾ ದಾಟಿ ಹೋಯಿತು.

“ಮೇಡಂ, ದೂರು ಕೊಡೋ ಯೋಚನೆ ನಂದಲ್ಲ. ನನಗೆ ಅಷ್ಟು ಧೈರ್ಯನೂ ಇರ್ಲಿಲ್ಲ, ಅಷ್ಟು ಕೆಟ್ಟತನನೂ ಇಲ್ಲ. ಮುತ್ಯಾಲಮ್ಮಂದಿರ ವಿಷಯ ಗೊತ್ತಾದ ದಿನ ನಾನು ಇಲ್ಲೇ, ಇದೇ ಕುರ್ಚಿಯಲ್ಲಿ ತಲೆ ಹಿಡ್ಕೊಂಡು ಕೂತಿದ್ದೆ. ಆಗ ಒಬ್ರು ಬಂದ್ರು. ‘ನವ್ಯಶ್ರೀ ಬೇಕೂಂತ್ಲೇ ಕಲಸಿದ್ಲು ಅಂತ ದೂರು ಕೊಡಿ ಸರ್. ಇವತ್ತೇ ಕೊಡಿ, ಸಂಜೆಯೊಳಗೆ ಪೊಲೀಸರು ಇಲ್ಲಿಗೆ ಬರಬೇಕು. ನೀವೂ ಉಳ್ಕೋತೀರ’ ಅಂದ್ರು. ನಾನು ಬೇಡ, ಪಾಪದ ಹುಡುಗಿ, ಜೀವನ ಹಾಳಾಗುತ್ತೆ ಅಂದೆ. ಕಾಲಿಗೆ ಬೀಳೋಕೆ ಬಂದ್ರು ಮೇಡಂ.”

“ಯಾರಪ್ಪಾ ಅದು? ಹೆಸರು ಹೇಳು!” ಗೌರವದ ‘ನೀವು’ ಪ್ರಮೋದಮ್ಮನ ಬಾಯಿಂದ ತಾನಾಗಿಯೇ ಜಾರಿಹೋಗಿತ್ತು.

“ನವ್ಯಶ್ರೀ.”

“ಅವಳ ಮೇಲೆ ದೂರು ಕೊಡಿ ಅಂದವರ ಹೆಸರು ಕೇಳಿದ್ದು ನಾನು.”

“ಅದನ್ನೇ ಹೇಳ್ತಿದೀನಿ ಮೇಡಂ. ನವ್ಯಶ್ರೀನೇ ಬಂದಿದ್ಲು.”

ಪ್ರಮೋದಮ್ಮ ಒಂದು ಕುರ್ಚಿ ಎಳೆದುಕೊಂಡು ಕೂತಳು. ಅಷ್ಟು ವರ್ಷದ ನೌಕರಿಯಲ್ಲಿ ಬೇಡ ಸ್ವಾಮಿ, ದೂರು ಕೊಡಬೇಡಿ ಅಂತ ಕಾಲು ಹಿಡಿದವರನ್ನು ಕಂಡಿದ್ದಳು. ಕೊಡಿ ಅಂತ ಹಿಡಿದವರನ್ನು ಕಂಡಿರಲಿಲ್ಲ.

“ಯಾಕೆ ಅಂತ ಕೇಳಲಿಲ್ವಾ?”

“ಕೇಳಿದೆ. ಹೇಳಲಿಲ್ಲ. ತಾನು ಹೇಳೋವರೆಗೂ ದೂರು ವಾಪಸ್ ತಗೋಬೇಡಿ ಅಂತ ಮಾತು ಮಾತ್ರ ತಗೊಂಡ್ಲು. ಅವತ್ತು ಸಂಜೆ ಆ ಸೀಲ್ ಹಾಕಿರೋ ರೂಮಿನ ಸಾಮಾನೆಲ್ಲ ಲಾರಿಗೆ ಹಾಕಿ, ಕಂಪ್ಯೂಟರಲ್ಲಿ ಇದ್ದದ್ದನ್ನೆಲ್ಲ, ಯಾವ ಕಣ್ಣು ಯಾರದ್ದು ಅಂತ ಇವರು ಬಿಡಿಸಿಟ್ಟಿದ್ದನ್ನೂ, ಅಳಿಸಿ, ಗುಜರಿಗೆ ಕಳಿಸಬೇಕು ಅಂತ ಆರ್ಡರ್ ಬಂದಿತ್ತು. ಲಾರಿ ಕೆಳಗೆ ಬಂದು ನಿಂತೂ ಇತ್ತು. ಅಷ್ಟರಲ್ಲಿ ಪೊಲೀಸರು ಬಂದು ಸೀಲ್ ಹಾಕಿದ್ರು. ಲಾರಿ ಖಾಲಿ ಹೋಯ್ತು.” ಅವನು ಒಣಗಿದ ತುಟಿ ಸವರಿಕೊಂಡ. “ಅವಳು ಆ ಟೀ ಅಂಗಡಿ ಹತ್ರ ನಿಂತು, ಲಾರಿ ತಿರುಗೋವರೆಗೂ ನೋಡ್ತಿದ್ಲು.”

ಪ್ರಮೋದಮ್ಮ ಎದ್ದು ಕಿಟಕಿಯ ಹತ್ತಿರ ಹೋದಳು.

ಕೆಳಗೆ ಅಪ್ಪಯ್ಯಣ್ಣ ಟೀ ಅಂಗಡಿಯವನಿಗೆ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದ. ಸುತ್ತ ಇದ್ದವರು ನಗುತ್ತಿದ್ದರು. ಮಗಳ ತಲೆಯ ಮೇಲಿನ ಕಲ್ಲು ಇಳಿಯಿತು ಅನ್ನುವ ಸಂತೋಷ ಅವನ ಇಡೀ ಮೈಯಲ್ಲಿತ್ತು. ಆ ಕಲ್ಲನ್ನು ಮಗಳು ತಾನಾಗಿ ಎತ್ತಿ ಇಟ್ಟುಕೊಂಡಿದ್ದಳು ಅಂತ ಈಗ ಅವನಿಗೆ ಹೇಳುವುದು ಹೇಗೆ?

ನವ್ಯಶ್ರೀ ಅಪ್ಪನ ಕಡೆ ಬೆನ್ನು ಮಾಡಿ ನಿಂತು, ಮುಖ ಎತ್ತಿ ಮಹಡಿಯ ಕಡೆಗೇ ನೋಡುತ್ತಿದ್ದಳು. ಪ್ರಮೋದಮ್ಮ ಕೈ ಎತ್ತಿದಳು.

ಹುಡುಗಿ ಅದನ್ನು ಕಾಣಲೇ ಇಲ್ಲ. ಅವಳ ಕಣ್ಣು ಇದ್ದದ್ದು ಪಕ್ಕದ ಕಿಟಕಿಯ ಮೇಲೆ, ಸೀಲು ಬಿದ್ದ ಕೋಣೆಯ ಕಿಟಕಿಯ ಮೇಲೆ. ದೂರು ವಾಪಸಾದರೆ ಆ ಸೀಲು ಒಡೆಯುತ್ತದೆ, ಲಾರಿ ಮತ್ತೆ ಬರುತ್ತದೆ. ತೊಟ್ಟಿಲಲ್ಲಿ ಮಲಗಿಸಿದ ಮಗು ಎದ್ದಿಲ್ಲ ತಾನೇ ಅಂತ ಬಾಗಿಲಲ್ಲೇ ನಿಂತು ನೋಡುವವರ ಹಾಗೆ, ಅವಳು ಆ ಕಿಟಕಿಯನ್ನೇ ನೋಡುತ್ತಿದ್ದಳು.